ಗಾಜು ಒಡೆಯುವ ಮೊದಲೇ ಸಾಯುವ ಫೋನು

ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಂತು ತಿಂಗಳಿಗೆಷ್ಟು – ನಾಲತವಾಡದ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳು ಕೇಳುವುದು ಇಷ್ಟು. ‘ಇದಕ್ಕ ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದ ತನಕ ಬರ್ತಾವ್ರಿ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೂ ಕೌಂಟರಿನ ಹಿಂದಿನ ಹುಡುಗನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಡಬ್ಬಿಯ ಮೇಲೆ ಬಣ್ಣ, ಬೆಲೆ, ರ‍್ಯಾಮು ಎಲ್ಲವೂ ಅಚ್ಚಾಗಿರುತ್ತವೆ; ಆ ದಿನಾಂಕವೊಂದು ಕಾಣುವುದು ಅಪರೂಪ. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಭಾಗದವರ ಖಾತೆಗೆ ಕನ್ನ ಹಾಕುವವರಿಗೆ ದಾರಿ ಸಲೀಸಾಗುವುದು ಯಾರೂ ಕೇಳದ ಈ ಪ್ರಶ್ನೆಯಿಂದಲೇ.

ಮುದ್ದೇಬಿಹಾಳ ತಾಲ್ಲೂಕಿನ ಈ ಪಟ್ಟಣದಲ್ಲಿ, ಸುತ್ತಲಿನ ಹಳ್ಳಿ ತಾಂಡಾಗಳಲ್ಲಿ ಫೋನೆಂದರೆ ಈಗ ಬರೀ ಮಾತಾಡುವ ಸಾಧನವಲ್ಲ. ತೊಗರಿ ಬಿತ್ತಿದವನು ಬೆಳೆ ಸಮೀಕ್ಷೆ ಆ್ಯಪಿಗೆ ಹೊಲದ ಫೋಟೊ ಏರಿಸುತ್ತಾನೆ. ಪಿಎಂ ಕಿಸಾನ್ ಕಂತಿಗಾಗಿ ಕ್ಯಾಮೆರಾಕ್ಕೆ ಮುಖ ತೋರಿಸಿ ಇ-ಕೆವೈಸಿ ಮುಗಿಸುತ್ತಾನೆ. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಮೆಸೇಜು ಬರುವುದು, ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ ದಾಖಲಿಸುವುದು, ಉದ್ಯೋಗ ಖಾತರಿ ಕೂಲಿಯವರ ಹಾಜರಿ ಹಿಡಿಯುವುದು ಎಲ್ಲವೂ ಫೋನಿನಲ್ಲೇ. ಜಿಲ್ಲೆಯವರು 2025ರ ಮೇ ತಿಂಗಳ ಮನಗೂಳಿ ಬ್ಯಾಂಕ್ ಕಳವಿನ ಬಗ್ಗೆ ಇನ್ನೂ ಮಾತಾಡುತ್ತಾರೆ. ಅಲ್ಲಿ ಹೋದದ್ದು ಸುಮಾರು 59 ಕಿಲೋ ಬಂಗಾರ. ಅದು ಕಣ್ಣಿಗೆ ಕಾಣುವ ಕಳವು. ಕಾಣದ ಕಳವು ಬೇರೆಯೇ ಇದೆ. 2024ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಸೈಬರ್ ವಂಚಕರ ಪಾಲಾದ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಲೋಕಸಭೆಗೆ ಹೇಳಿದೆ. ಅದರ ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಇದರಲ್ಲಿ ದೊಡ್ಡ ಪಾಲು ಮಾತಿಗೆ ಮರುಳಾಗಿ ಕೊಟ್ಟ ಹಣ, ಫೋನಿನ ದೋಷದಿಂದ ಹೋದದ್ದಲ್ಲ. ಆದರೆ ಮರುಳಾದವನ ಕೈಯಲ್ಲಿರುವ ಫೋನು ಅವನನ್ನು ತಡೆಯುತ್ತದೆಯೋ ಕಳ್ಳನಿಗೆ ಬಾಗಿಲು ತೆಗೆಯುತ್ತದೆಯೋ ಎಂಬುದು ಅದರ ತಂತ್ರಾಂಶದ ಮೇಲೆ ನಿಂತಿದೆ.

ಆ ತಂತ್ರಾಂಶ ಆಂಡ್ರಾಯ್ಡ್. ಗೂಗಲ್ ಅದರ ಮೂಲ ರೂಪವನ್ನು ಮುಕ್ತವಾಗಿ ಬಿಡುಗಡೆ ಮಾಡುತ್ತದೆ. ಹೆಚ್ಚೇನೂ ತಿದ್ದದೆ ಅದನ್ನೇ ಕೊಟ್ಟರೆ ‘ಸ್ಟಾಕ್ ಆಂಡ್ರಾಯ್ಡ್’ ಎನ್ನುತ್ತಾರೆ. ಬಹುತೇಕ ಕಂಪನಿಗಳು ಹಾಗೆ ಕೊಡುವುದಿಲ್ಲ. ತಮ್ಮದೇ ಹೊದಿಕೆ ಹಾಕಿ, ತಮ್ಮ ಬ್ರೌಸರ್, ತಮ್ಮ ಆ್ಯಪ್ ಅಂಗಡಿ, ಥೀಮ್ ಅಂಗಡಿ, ‘ಫೋನ್ ಕ್ಲೀನರ್’ ಎಲ್ಲ ತುಂಬಿ, ಕೆಲವೊಮ್ಮೆ ಒಳಗಿನ ಮೂಲ ಭಾಗಗಳನ್ನೂ ತಿದ್ದಿ ಕೊಡುತ್ತವೆ. ಶಿಯೋಮಿಯ ಎಂಐಯುಐ ಮತ್ತು ಹೈಪರ್ ಓಎಸ್, ವಿವೊದ ಫನ್‌ಟಚ್, ಒಪ್ಪೊದ ಕಲರ್ ಓಎಸ್, ರಿಯಲ್‌ಮಿ ಯುಐ, ಸ್ಯಾಮ್‌ಸಂಗಿನ ಒನ್ ಯುಐ ಎಲ್ಲವೂ ಇಂಥ ಹೊದಿಕೆಗಳೇ. ಅಂದಕ್ಕಾಗಿ ಎಂದು ತಿಳಿದವರು ಬಹಳ. ಅಂದವೂ ಇದೆ, ಅಲ್ಲವೆನ್ನುವುದಿಲ್ಲ. ಆದರೆ ವಿಷಯ ಇರುವುದು ಅಂದದಲ್ಲಲ್ಲ.

2025ರ ಸೆಪ್ಟೆಂಬರಿನಲ್ಲಿ ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ ಒನ್‌ಪ್ಲಸ್ ಫೋನುಗಳ ಒಂದು ದೋಷವನ್ನು ಬಹಿರಂಗ ಮಾಡಿತು. ಹೊದಿಕೆಯ ಅಪಾಯವನ್ನು ಇದಕ್ಕಿಂತ ನಿಚ್ಚಳವಾಗಿ ತೋರುವ ಉದಾಹರಣೆ ನನಗೆ ಸಿಕ್ಕಿಲ್ಲ. ಆಂಡ್ರಾಯ್ಡ್‌ನಲ್ಲಿ ಎಸ್ಎಂಎಸ್‌ಗಳನ್ನು ಕಾಯುವ ಒಂದು ಭಾಗವಿದೆ. ಬಳಕೆದಾರ ಅನುಮತಿ ಕೊಟ್ಟ ಆ್ಯಪ್ ಮಾತ್ರ ಅಲ್ಲಿಗೆ ಹೋಗಬಹುದು. ಒನ್‌ಪ್ಲಸ್ ಈ ಭಾಗಕ್ಕೆ ತನ್ನದೇ ಕೆಲವು ಸೌಲಭ್ಯಗಳನ್ನು ಸೇರಿಸಿತ್ತು. ಸೇರಿಸುವಾಗ ಓದುವ ದಾರಿಗೆ ಬೀಗ ಹಾಕಿ, ಬರೆಯುವ ದಾರಿಯನ್ನು ತೆರೆದೇ ಬಿಟ್ಟಿತ್ತು. ಆ ತೆರೆದ ದಾರಿಯಲ್ಲಿ ಹೋಗಿ, ‘ಈ ಮೆಸೇಜಿನ ಮೊದಲ ಅಂಕಿ 4 ಹೌದೇ? ಅಲ್ಲವೇ? ಹಾಗಾದರೆ 5 ಹೌದೇ?’ ಎಂಬಂತೆ ಒಂದೊಂದೇ ಅಕ್ಷರ ಕೇಳುತ್ತ ಇಡೀ ಮೆಸೇಜನ್ನು ಹೊರಗೆಳೆಯಲು ಸಾಧ್ಯವಿತ್ತು. ಫೋನಿನಲ್ಲಿರುವ ಯಾವುದೇ ಆ್ಯಪ್, ಯಾವ ಅನುಮತಿಯನ್ನೂ ಕೇಳದೆ, ಬಳಕೆದಾರನಿಗೆ ಏನೂ ತಿಳಿಯದಂತೆ ಇದನ್ನು ಮಾಡಬಹುದಿತ್ತು. ಮೆಸೇಜೆಂದರೆ ನಮ್ಮಲ್ಲಿ ಒಟಿಪಿ. ಒಟಿಪಿ ಎಂದರೆ ಹಣ. ಈ ದೋಷ 2021ರಲ್ಲಿ ಬಂದ ಆಕ್ಸಿಜನ್ ಓಎಸ್ 12ರಿಂದಲೂ ಇತ್ತು. ಅದರ ಹಿಂದಿನ ಆವೃತ್ತಿಯಲ್ಲಿ ಇರಲಿಲ್ಲ. ಗೂಗಲ್ ಬರೆದ ಮೂಲದಲ್ಲೂ ಇರಲಿಲ್ಲ. ಅಕ್ಟೋಬರ್ ಮಧ್ಯದಿಂದ ತಿದ್ದುಪಡಿ ಕಳಿಸುವುದಾಗಿ ಕಂಪನಿ ಹೇಳಿತು. ಸುಮಾರು ನಾಲ್ಕು ವರ್ಷ ಬಾಗಿಲು ತೆರೆದಿತ್ತು ಎಂದಾಯಿತು.

ಒನ್‌ಪ್ಲಸ್ಸನ್ನೇ ಬೈದು ಮುಗಿಸುವಂತಿಲ್ಲ. ಓವರ್‌ಸೆಕ್ಯೂರ್ಡ್ ಎಂಬ ಸಂಸ್ಥೆ 2024ರಲ್ಲಿ ಶಿಯೋಮಿ ಫೋನುಗಳ ಆ್ಯಪ್ ಮತ್ತು ವ್ಯವಸ್ಥಾ ಭಾಗಗಳಲ್ಲಿ 20 ದೋಷಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಹಲವು, ಆಂಡ್ರಾಯ್ಡ್‌ನ ಮೂಲ ಭಾಗಗಳಿಗೆ ಕಂಪನಿ ಹೆಚ್ಚುವರಿ ಕೆಲಸ ಜೋಡಿಸಹೋದಾಗ ಹುಟ್ಟಿಕೊಂಡವು. 2019ರಲ್ಲಿ ಚೆಕ್ ಪಾಯಿಂಟ್ ಸಂಶೋಧಕರು ಅದೇ ಕಂಪನಿಯ ಫೋನಿನಲ್ಲಿ ಮೊದಲೇ ಕೂರಿಸಿದ್ದ ‘ಗಾರ್ಡ್ ಪ್ರೊವೈಡರ್’ ಎಂಬ ಆ್ಯಪಿನಲ್ಲಿ ದೋಷ ಕಂಡಿದ್ದರು. ವೈರಸ್ ಹಿಡಿಯಬೇಕಾದ ಕಾವಲುಗಾರ ಅದು. ಅದರ ಅಪ್‌ಡೇಟ್ ಬರುತ್ತಿದ್ದುದೇ ಭದ್ರತೆಯಿಲ್ಲದ ಸಂಪರ್ಕದಲ್ಲಿ. ಒಂದೇ ವೈಫೈಯಲ್ಲಿ ಕೂತ ಕಳ್ಳ ನಡುವೆ ಕೈ ಹಾಕಬಹುದಿತ್ತು. ಇದನ್ನು ಕಂಪನಿ ಸರಿಪಡಿಸಿತು. ಆದರೂ ತರ್ಕ ಸರಳ: ಸೇರಿಸಿದ ಪ್ರತಿಯೊಂದು ಆ್ಯಪೂ ಕಾಯಬೇಕಾದ ಇನ್ನೊಂದು ಬಾಗಿಲು. ಅದೂ ಮಾಮೂಲಿ ಬಾಗಿಲಲ್ಲ. ಮೊದಲೇ ಕೂರಿಸಿದ ಆ್ಯಪುಗಳಿಗೆ ಪ್ಲೇ ಸ್ಟೋರಿನಿಂದ ಇಳಿಸಿಕೊಂಡವಕ್ಕಿಲ್ಲದ ಅಧಿಕಾರಗಳಿರುತ್ತವೆ, ಹಲವನ್ನು ತೆಗೆದುಹಾಕಲೂ ಆಗುವುದಿಲ್ಲ. ಸ್ಪೇನಿನ ಇಮ್ಡಿಯಾ ಸಂಸ್ಥೆಯ ಸಂಶೋಧಕರೂ ಅವರ ಸಂಗಡಿಗರೂ 214 ಕಂಪನಿಗಳ ಫೋನುಗಳಿಂದ ಇಂಥ 82,000ಕ್ಕೂ ಹೆಚ್ಚು ಆ್ಯಪುಗಳನ್ನು ಕಲೆಹಾಕಿ ಪರಿಶೀಲಿಸಿ, ಇವುಗಳ ಮೇಲೆ ಯಾರ ನಿಗಾವೂ ಸಾಲದು ಎಂದು 2019ರಲ್ಲೇ ಎಚ್ಚರಿಸಿದ್ದರು.

ಎರಡನೆಯ ಹಾನಿ ನಿಧಾನದ್ದು, ನನ್ನ ಲೆಕ್ಕದಲ್ಲಿ ದೊಡ್ಡದು. ಆಂಡ್ರಾಯ್ಡ್‌ನ ಮೂಲದಲ್ಲೂ ದೋಷಗಳಿರುತ್ತವೆ. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಹೊರಬಿದ್ದಾಗ ಸುಮಾರು 95 ಕೋಟಿ ಫೋನುಗಳು ಅದರ ವ್ಯಾಪ್ತಿಯಲ್ಲಿವೆ ಎಂದು ಅಂದಾಜಾಗಿತ್ತು. ಒಂದು ಎಂಎಂಎಸ್ ಕಳಿಸಿದರೆ ಸಾಕಿತ್ತು. ಅದಾದ ಮೇಲೆಯೇ ಗೂಗಲ್ ತಿಂಗಳು ತಿಂಗಳು ದೋಷಗಳಿಗೆ ತೇಪೆ ಪ್ರಕಟಿಸುವ ಪದ್ಧತಿ ಶುರುಮಾಡಿದ್ದು. ಆದರೆ ತೇಪೆ ಗೂಗಲ್‌ನಿಂದ ನೇರ ನಿಮ್ಮ ಕೈಗೆ ಬರುವುದಿಲ್ಲ. ಚಿಪ್ ತಯಾರಿಸಿದ ಕಂಪನಿ ತನ್ನ ಪಾಲಿನದನ್ನು ಸಿದ್ಧಮಾಡಬೇಕು. ಫೋನ್ ಕಂಪನಿ ಎಲ್ಲವನ್ನೂ ತನ್ನ ಹೊದಿಕೆಗೆ ಹೊಂದಿಸಬೇಕು. ಮಾರಿದ ಹತ್ತಾರು ಮಾದರಿಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಪರೀಕ್ಷೆ ಮಾಡಿ ಬಿಡಬೇಕು. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟರೂ ಇಂಡಿ ಶಾಖಾ ಕಾಲುವೆಯ ತುದಿಯ ರೈತ ನೀರಿಗಾಗಿ ಧರಣಿ ಕೂರುವುದು ನಮಗೆ ಹೊಸದಲ್ಲ. ಅಗ್ಗದ ಫೋನು ಕೊಂಡವನು ಈ ಸಾಲಿನ ಅಂಥ ಕೊನೆಯವ. ಹೊದಿಕೆ ತೆಳ್ಳಗಿದ್ದಷ್ಟೂ ಹೊಂದಿಸುವ ಕೆಲಸ ಕಡಿಮೆ, ತೇಪೆ ಬರುವುದು ಬೇಗ. ತಿದ್ದದ ಆಂಡ್ರಾಯ್ಡ್‌ನ ಮುಖ್ಯ ಲಾಭ ಇದೇ.

ತಡವಾದರೆ ಏನಾಯಿತು ಎನ್ನಬಹುದು. ತೇಪೆ ಪ್ರಕಟವಾದ ದಿನವೇ ತೂತು ಎಲ್ಲಿತ್ತು ಎಂಬುದೂ ಊರಿಗೆಲ್ಲ ಗೊತ್ತಾಗುತ್ತದೆ. ಮೀಡಿಯಾಟೆಕ್ ಚಿಪ್‌ಗಳ ಒಂದು ಗಂಭೀರ ದೋಷಕ್ಕೆ ಆ ಕಂಪನಿ 2019ರ ಮೇ ತಿಂಗಳಲ್ಲೇ ತಿದ್ದುಪಡಿ ಸಿದ್ಧಮಾಡಿತ್ತು. ಹಲವು ಫೋನ್ ತಯಾರಕರು ಅದನ್ನು ತಮ್ಮ ಗ್ರಾಹಕರಿಗೆ ಮುಟ್ಟಿಸಲೇ ಇಲ್ಲ. ಅಷ್ಟರಲ್ಲಿ ಅದನ್ನು ಬಳಸುವ ದುಷ್ಟ ಆ್ಯಪುಗಳು ಪ್ಲೇ ಸ್ಟೋರಿನಲ್ಲೇ ಕಂಡವು. ಕೊನೆಗೆ 2020ರ ಮಾರ್ಚಿನಲ್ಲಿ ಗೂಗಲ್ ತನ್ನ ಮಾಸಿಕ ಪಟ್ಟಿಗೆ ಸೇರಿಸಿ ಒತ್ತಾಯ ಹೇರಬೇಕಾಯಿತು. ಅಗ್ಗದ ಫೋನುಗಳಲ್ಲಿ ಯಾವ ಚಿಪ್ ಹೆಚ್ಚು ಎಂದು ಅಂಗಡಿಯವರನ್ನು ಕೇಳಿನೋಡಿ.

ಇದಕ್ಕಿಂತ ಬೇಸರದ ಸಂಗತಿ ಬರ್ಲಿನ್ನಿನಿಂದ ಬಂತು. ಸೆಕ್ಯುರಿಟಿ ರಿಸರ್ಚ್ ಲ್ಯಾಬ್ಸ್‌ನ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 1,200 ಫೋನುಗಳ ತಂತ್ರಾಂಶವನ್ನು ಬಿಚ್ಚಿ ನೋಡಿ 2018ರಲ್ಲಿ ವರದಿ ಕೊಟ್ಟರು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಈ ತಿಂಗಳವರೆಗೆ ತೇಪೆ ಹಾಕಲಾಗಿದೆ’ ಎಂದು ದಿನಾಂಕವೇನೋ ಇತ್ತು. ಒಳಗೆ ನೋಡಿದರೆ ಹಲವು ತೇಪೆಗಳೇ ನಾಪತ್ತೆ. ಗೂಗಲ್, ಸೋನಿ, ಸ್ಯಾಮ್‌ಸಂಗ್ ಫೋನುಗಳಲ್ಲಿ ಸರಾಸರಿ ಒಂದರೊಳಗೆ, ಶಿಯೋಮಿ, ಒನ್‌ಪ್ಲಸ್, ನೋಕಿಯಾಗಳಲ್ಲಿ ಒಂದರಿಂದ ಮೂರು, ಮೊಟೊರೊಲಾ, ಎಲ್‌ಜಿ, ಹುವಾವೆಗಳಲ್ಲಿ ಮೂರರಿಂದ ನಾಲ್ಕು ಕಾಣೆಯಾಗಿದ್ದವು. ಚಿಪ್ ಪ್ರಕಾರ ನೋಡಿದರೆ ಮೀಡಿಯಾಟೆಕ್ ಇದ್ದ ಫೋನುಗಳಲ್ಲಿ ಸರಾಸರಿ 9.7 ತೇಪೆ ಇರಲಿಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ‘ಸ್ಟಾಕ್ ಆಂಡ್ರಾಯ್ಡ್’ ಭಕ್ತರಿಗೂ ಕಸಿವಿಸಿಯಾಗಬೇಕು. ಮೊಟೊರೊಲಾದ ಹೊದಿಕೆ ತೆಳ್ಳಗಿನದು, ಸ್ಯಾಮ್‌ಸಂಗಿನದು ದಪ್ಪ. ಆದರೂ ಅಂಕಿ ಉಲ್ಟಾ. ಮುಖ ತೊಳೆದಂತೆ ಕಾಣುವ ಫೋನೆಲ್ಲ ಸುರಕ್ಷಿತವಲ್ಲ. ತೇಪೆ ಹಾಕುವ ಮನಸ್ಸು, ಅದಕ್ಕೆ ಖರ್ಚು ಮಾಡುವ ಹಣ ಬೇರೆಯೇ ಬೇಕು. 2022ರ ಕೊನೆಗೆ ಗೂಗಲ್‌ನದೇ ಪ್ರಾಜೆಕ್ಟ್ ಝೀರೊ ತಂಡ, ಆರ್ಮ್ ಕಂಪನಿ ಆಗಲೇ ತಿದ್ದಿಕೊಟ್ಟ ಗ್ರಾಫಿಕ್ಸ್ ದೋಷಗಳು ಸ್ಯಾಮ್‌ಸಂಗ್, ಶಿಯೋಮಿ, ಒಪ್ಪೊಗಳ ಜೊತೆಗೆ ಗೂಗಲ್‌ನ ಪಿಕ್ಸೆಲ್‌ನಲ್ಲೂ ತಿಂಗಳುಗಟ್ಟಲೆ ಹಾಗೇ ಇದ್ದವು ಎಂದು ಮನೆಯವರನ್ನೇ ದೂರಿತು. ಖಾಸಗಿತನದ ಮಾತಂತೂ ಬೇಡವೇ ಬೇಡ: ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಅಳೆದಾಗ, ಸುಮ್ಮನೆ ಬಿದ್ದಿದ್ದ ಪಿಕ್ಸೆಲ್ ಫೋನೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ಗೂಗಲ್‌ಗೆ ಮಾಹಿತಿ ಕಳಿಸುತ್ತಿತ್ತು. ಅಳತೆಯ ವಿಧಾನವನ್ನು ಗೂಗಲ್ ಒಪ್ಪಲಿಲ್ಲ. ಅದೇ ವರ್ಷ ಅವರ ತಂಡ ಯುರೋಪಿನಲ್ಲಿ ಮಾರುವ ಸ್ಯಾಮ್‌ಸಂಗ್, ಶಿಯೋಮಿ, ಹುವಾವೆ, ರಿಯಲ್‌ಮಿ ಫೋನುಗಳನ್ನು ನೋಡಿತು. ಅವು ಗೂಗಲ್‌ಗೂ ಕಳಿಸುತ್ತಿದ್ದವು, ತಮ್ಮ ಕಂಪನಿಗೂ ಕಳಿಸುತ್ತಿದ್ದವು. ಮೂಲ ಆಂಡ್ರಾಯ್ಡ್‌ನಲ್ಲಿ ಇಣುಕುವವನು ಒಬ್ಬ, ಹೊದಿಕೆಯಲ್ಲಿ ಕನಿಷ್ಠ ಇಬ್ಬರು – ವ್ಯತ್ಯಾಸ ಇಷ್ಟೇ. ಕಡಿಮೆ ವ್ಯತ್ಯಾಸವಲ್ಲ.

ಹೊದಿಕೆ ಬೇಕಾದದ್ದು ಯಾರಿಗೆ? 2018ರಲ್ಲಿ ಶಿಯೋಮಿಯ ಲೇ ಜುನ್, ಯಂತ್ರದ ಮೇಲಿನ ನಿವ್ವಳ ಲಾಭ ಶೇಕಡಾ 5 ದಾಟುವುದಿಲ್ಲ ಎಂದು ಘೋಷಿಸಿದ್ದರು. ಉಳಿದದ್ದು ಜಾಹೀರಾತು ಮತ್ತು ಇಂಟರ್ನೆಟ್ ಸೇವೆಗಳಿಂದ ಬರಬೇಕು. ಹತ್ತು ಸಾವಿರದ ಫೋನು ಹತ್ತೇ ಸಾವಿರಕ್ಕೆ ಸಿಗುವುದರ ಹಿಂದೆ ನೋಟಿಫಿಕೇಶನ್ನಿನಲ್ಲಿ ಇಣುಕುವ ಲೋನ್ ಆ್ಯಪಿನ ಜಾಹೀರಾತಿನ ಪಾಲೂ ಇದೆ.

ಇದಕ್ಕೆ ಪರ್ಯಾಯ ನಮ್ಮ ದೇಶದಲ್ಲೇ ಹುಟ್ಟಿತ್ತು ಎಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. 2014ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಗೂಗಲ್‌ನ ಸುಂದರ್ ಪಿಚೈ ‘ಆಂಡ್ರಾಯ್ಡ್ ಒನ್’ ಯೋಜನೆಗೆ ಚಾಲನೆ ಕೊಟ್ಟರು. ಮೈಕ್ರೊಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಆರೂವರೆ ಸಾವಿರದೊಳಗಿನ ಫೋನುಗಳು. ಹೊದಿಕೆ ಇಲ್ಲ, ಅಪ್‌ಡೇಟ್ ಗೂಗಲ್‌ನ ಹೊಣೆ. ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದ್ದು. ಆದರೆ ಮೊದಲು ಮಾರಿದ್ದು ಆನ್‌ಲೈನಿನಲ್ಲಿ ಮಾತ್ರ! ಅಂಗಡಿಕಾರರು ಮುನಿಸಿಕೊಂಡರು, ಸಣ್ಣ ಊರಿನ ಗಿರಾಕಿಗೆ ಅದು ಕಣ್ಣಿಗೇ ಬೀಳಲಿಲ್ಲ. 2017ರಲ್ಲಿ ಶಿಯೋಮಿ ಕೂಡ ಎಂಐ ಎ1 ಹೆಸರಿನಲ್ಲಿ ಈ ಸಾಲಿಗೆ ಬಂತು, ಎ2, ಎ3 ತಂದಿತು. ಎ3ಗೆ ಆಂಡ್ರಾಯ್ಡ್ 11 ಬಂದಾಗ ಹಲವರ ಫೋನುಗಳು ಮತ್ತೆ ಆನ್ ಆಗದೆ ಸತ್ತುಬಿದ್ದು, ಕಂಪನಿ ಅಪ್‌ಡೇಟನ್ನು ತಡೆಹಿಡಿಯಬೇಕಾಯಿತು. ಆಮೇಲೆ ಆ ಸಾಲು ಮುಂದುವರಿಯಲಿಲ್ಲ.

ಈಗ ಮುಂದಿನ ಹಾನಿಯ ಲೆಕ್ಕ. ಅಗ್ಗದ ಫೋನಿಗೆ ತೇಪೆ ಬರುವುದು ಸಾಮಾನ್ಯವಾಗಿ ಎರಡು ಮೂರು ವರ್ಷ, ಅದೂ ಮಾದರಿ ಬಿಡುಗಡೆಯಾದ ದಿನದಿಂದ. ನೀವು ಕೊಳ್ಳುವ ಹೊತ್ತಿಗೆ ಅದು ಬಿಡುಗಡೆಯಾಗಿ ಒಂದು ವರ್ಷ ಆಗಿರಬಹುದು. ನಮ್ಮ ಕಡೆಯವರು ದುಡಿಯಲು ಗೋವಾ, ಪುಣೆ, ಮುಂಬೈಗೆ ಹೋಗುತ್ತಾರೆ. ಹೊಸ ಫೋನು ಕೊಂಡಾಗ ಹಳೆಯದನ್ನು ಊರಿನಲ್ಲಿರುವ ಅಪ್ಪನಿಗೋ ತಂಗಿಗೋ ತಂದುಕೊಡುತ್ತಾರೆ. ಅದು ಇನ್ನೂ ಮೂರು ನಾಲ್ಕು ವರ್ಷ ನಡೆಯುತ್ತದೆ. ಆ ಅಷ್ಟೂ ವರ್ಷ ಅದರಲ್ಲಿ ತೂತುಗಳು ಕೂಡುತ್ತಲೇ ಹೋಗುತ್ತವೆ, ಮುಚ್ಚುವವರಿಲ್ಲ. ಆಂಡ್ರಾಯ್ಡ್ 12ಕ್ಕೆ ಗೂಗಲ್ ತೇಪೆ ಕೊಡುವುದನ್ನೇ 2025ರ ಮಾರ್ಚಿಗೆ ನಿಲ್ಲಿಸಿತು. ಆ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನವುಗಳಲ್ಲಿ ನಿಂತುಬಿಟ್ಟ ಫೋನಿಗೆ ಇನ್ನು ಕಂಪನಿ ಮನಸ್ಸು ಮಾಡಿದರೂ ತೇಪೆಯ ಮೂಲವೇ ಬತ್ತಿದೆ. ಕೆಲವು ಭಾಗಗಳನ್ನು ಪ್ಲೇ ಸ್ಟೋರಿನ ಮೂಲಕವೇ ದುರಸ್ತಿ ಮಾಡುವ ವ್ಯವಸ್ಥೆ ಆಂಡ್ರಾಯ್ಡ್ 10ರಿಂದ ಇದೆ ಎಂಬುದೊಂದು ಸಮಾಧಾನ. ಚಿಪ್‌ನ, ಹೊದಿಕೆಯ ತೂತುಗಳಿಗೆ ಅದು ಮದ್ದಲ್ಲ.

ಇದೇ ಹೊತ್ತಿಗೆ ವಾಟ್ಸ್ಆ್ಯಪಿನಲ್ಲಿ ಒತ್ತಿದರೆ ಆ್ಯಪನ್ನು ಫೋನಿಗೆ ಕೂರಿಸುವ ಎಪಿಕೆ ಫೈಲುಗಳು ಹರಿದಾಡುತ್ತಿವೆ. ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ, ಆರ್‌ಟಿಒ ಚಲನ್ ಎಂಬ ಹೆಸರಿನಲ್ಲಿ, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ. 2025ರ ಫೆಬ್ರುವರಿಯಲ್ಲಿ ಝಿಂಪೇರಿಯಂ ಸಂಸ್ಥೆ ಭಾರತದ ಬ್ಯಾಂಕ್ ಗ್ರಾಹಕರನ್ನೇ ಗುರಿಯಾಗಿಸಿದ ಸುಮಾರು 900 ಇಂಥ ಆ್ಯಪುಗಳನ್ನು ಪತ್ತೆಹಚ್ಚಿತು. ಕದ್ದ ಒಟಿಪಿಗಳನ್ನು ಅವು ಸುಮಾರು 1,000 ಫೋನ್ ನಂಬರುಗಳಿಗೆ ತಿರುಗಿಸುತ್ತಿದ್ದವು. ಆಂಡ್ರಾಯ್ಡ್ 13ರಲ್ಲಿ ಇದಕ್ಕೊಂದು ತಡೆ ಬಂತು: ಹೊರಗಿನಿಂದ ತಂದು ಹಾಕಿದ ಆ್ಯಪ್ ಪರದೆಯನ್ನು ಓದುವ, ನೋಟಿಫಿಕೇಶನ್ ಕದ್ದು ನೋಡುವ ಅಧಿಕಾರ ಕೇಳಿದರೆ ಫೋನು ಸುಲಭಕ್ಕೆ ಬಿಡುವುದಿಲ್ಲ. ಇದನ್ನು ದಾಟುವ ದಾರಿಯನ್ನೂ ಕಳ್ಳರು ಹುಡುಕಿದ್ದಾರೆ, ಆದರೂ ಅಡ್ಡಿ ಅಡ್ಡಿಯೇ. 12ರಲ್ಲಿ ನಿಂತ ಫೋನಿಗೆ ಆ ಅಡ್ಡಿಯೂ ಇಲ್ಲ. ಆಮಂತ್ರಣ ಪತ್ರಿಕೆ ತೆರೆದ ಇಬ್ಬರಲ್ಲಿ ಒಬ್ಬನ ಹಣ ಉಳಿದು ಇನ್ನೊಬ್ಬನದು ಹೋಗಲು ಇಷ್ಟು ವ್ಯತ್ಯಾಸ ಸಾಕು.

ಇನ್ನೊಂದು ಬದಿಯಿಂದಲೂ ಬಾಗಿಲು ಮುಚ್ಚುತ್ತಿದೆ. ಈ ಫೋನು ನಂಬಲರ್ಹವೇ ಎಂದು ಬ್ಯಾಂಕ್ ಆ್ಯಪುಗಳು ಗೂಗಲ್ ಅನ್ನು ಕೇಳುವ ಒಂದು ಏರ್ಪಾಡಿದೆ. 2025ರ ಮೇ ತಿಂಗಳಿಂದ, ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನುಗಳಿಗೆ ಅತಿ ಗಟ್ಟಿಯ ಪ್ರಮಾಣಪತ್ರ ಸಿಗಬೇಕಾದರೆ ಕಳೆದ ಒಂದು ವರ್ಷದೊಳಗಿನ ತೇಪೆ ಇರಲೇಬೇಕು. ಯಾವ ಮಟ್ಟದ ಪ್ರಮಾಣಪತ್ರ ಬೇಕು ಎಂಬುದು ಆಯಾ ಬ್ಯಾಂಕಿನ ಇಚ್ಛೆ. ಎಲ್ಲ ಬ್ಯಾಂಕುಗಳೂ ಗಟ್ಟಿಯದನ್ನೇ ಕೇಳತೊಡಗಿದ ದಿನ, ಗಾಜು ಒಡೆಯದ, ಬ್ಯಾಟರಿ ಚೆನ್ನಾಗಿರುವ ಫೋನಿನ ಒಡೆಯ ಬ್ಯಾಂಕಿನಿಂದ ಹೊರಗೆ ನಿಲ್ಲುತ್ತಾನೆ. ತಪ್ಪು ಅವನದಲ್ಲ, ದಂಡ ಅವನಿಗೆ.

ಯುರೋಪಿನಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು ಎಂಬ ನಿಯಮ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಎಂದು ಮಾರುವಾಗಲೇ ಹೇಳಬೇಕು. ನಮ್ಮಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿ, ಅದರ ಆ್ಯಪುಗಳನ್ನು ತೆಗೆದುಹಾಕಲು ಬಿಡಬೇಕು ಎಂದು ಆದೇಶಿಸಿದ್ದು ದೊಡ್ಡ ಹೆಜ್ಜೆಯೇ. ಅದಾದ ಮೂರು ವರ್ಷಕ್ಕೆ ಸರ್ಕಾರವೇ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಕೂರಿಸಿ ಎಂದು ಕಂಪನಿಗಳಿಗೆ ಹೇಳಿ, ಗದ್ದಲವೆದ್ದ ಮೇಲೆ 2025ರ ಡಿಸೆಂಬರ್ 3ರಂದು ಹಿಂತೆಗೆದುಕೊಂಡಿತು. ಫೋನಿಗೆ ಇನ್ನೊಂದು ಆ್ಯಪ್ ಸೇರಿಸಲು ಇದ್ದ ಅವಸರ, ಇರುವ ಫೋನಿಗೆ ತೇಪೆ ಬರುವಂತೆ ಮಾಡಲು ಕಾಣುತ್ತಿಲ್ಲ. ಕೊನೆಯ ಪಕ್ಷ ಅಂಗನವಾಡಿಗೆಂದೋ ಶಾಲೆಗೆಂದೋ ಸಾವಿರಗಟ್ಟಲೆ ಫೋನು, ಟ್ಯಾಬ್ ಕೊಳ್ಳುವ ಇಲಾಖೆಗಳು ಟೆಂಡರಿನಲ್ಲಿ ತೇಪೆಯ ಕೊನೆಯ ದಿನಾಂಕವನ್ನು ಷರತ್ತಾಗಿ ಬರೆಯಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಕೊಳ್ಳುವವರಿಗೆ ದಾರಿ ಇಲ್ಲವೆಂದಲ್ಲ. 2023ರ ಪಿಕ್ಸೆಲ್ 8ರಿಂದ ಗೂಗಲ್, 2024ರ ಎಸ್24ರಿಂದ ಸ್ಯಾಮ್‌ಸಂಗ್ ದುಬಾರಿ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿವೆ. ಸ್ಯಾಮ್‌ಸಂಗಿನ ಎ16 5ಜಿಯಂಥ ನಡುಬೆಲೆಯದಕ್ಕೂ ಆರು ವರ್ಷ. ಇಷ್ಟು ದಪ್ಪ ಹೊದಿಕೆಯಿದ್ದೂ ಆರು ವರ್ಷ ಸಾಧ್ಯವೆಂದ ಮೇಲೆ, ಉಳಿದವರು ಕೊಡದಿರುವುದು ಆಗದೆಂದಲ್ಲ, ಯಾರೂ ಕೇಳಲಿಲ್ಲವೆಂದು. ಹಳೆಯ ಫೋನಿಗೆ ತಾವೇ ಸ್ವಚ್ಛ ಆಂಡ್ರಾಯ್ಡ್ ಹಾಕಿಕೊಳ್ಳುವ ಹುಮ್ಮಸ್ಸಿನ ಹುಡುಗರಿಗೊಂದು ಮಾತು: ಲೀನಿಯೇಜ್ ಓಎಸ್‌ನಂಥವು ಒಳ್ಳೆಯವೇ, ಆದರೆ ಬೂಟ್‌ಲೋಡರ್ ಬಿಚ್ಚಿದ ಫೋನನ್ನು ಅನೇಕ ಬ್ಯಾಂಕ್ ಆ್ಯಪುಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಪ್ಪನ ಫೋನಿನ ಮೇಲೆ ಪ್ರಯೋಗ ಬೇಡ.

ತೇಪೆ ನಿಂತ ಫೋನನ್ನು ಬಿಸಾಡಬೇಕಿಲ್ಲ. ಹಾಡು, ಯೂಟ್ಯೂಬು, ಕೃಷಿ ವಿಡಿಯೊಗಳಿಗೆ ಅದು ಸಾಕು. ಬ್ಯಾಂಕ್ ಮತ್ತು ಯುಪಿಐ ಆ್ಯಪುಗಳನ್ನು ಮಾತ್ರ ಅದರಿಂದ ತೆಗೆಯಿರಿ. ಖಾತೆಗೆ ಜೋಡಿಸಿದ ಸಿಮ್ಮನ್ನು ಕೀಪ್ಯಾಡ್ ಫೋನಿಗೆ ಹಾಕಿ. ಒಟಿಪಿ ಅಲ್ಲಿಗೆ ಬರುತ್ತದೆ. ಸ್ಮಾರ್ಟ್‌ಫೋನಿನಲ್ಲಿ ಕೂತ ಕಳ್ಳ ಆ್ಯಪಿಗೆ ಅದು ಸಿಗುವುದಿಲ್ಲ. *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೇ ಬ್ಯಾಲೆನ್ಸ್ ನೋಡಬಹುದು, ಹಣ ಕಳಿಸಬಹುದು, ಕನ್ನಡದಲ್ಲೂ ವ್ಯವಹರಿಸಬಹುದು. ಕೀಪ್ಯಾಡ್ ಫೋನಿಗಾಗಿಯೇ 2022ರ ಮಾರ್ಚಿನಲ್ಲಿ ಬಂದ ಯುಪಿಐ 123ಪೇ ಮೂಲಕ ಒಮ್ಮೆಗೆ ಹತ್ತು ಸಾವಿರದವರೆಗೆ ಪಾವತಿ ಆಗುತ್ತದೆ. ಹಣ ಹೋದದ್ದು ಗೊತ್ತಾದ ಕೂಡಲೇ ಕರೆ ಮಾಡಬೇಕಾದ ಸಹಾಯವಾಣಿ 1930.